ಸವಳು ಹೊಲಕ್ಕೆ ಬ್ಯಾಕ್ಟೀರಿಯಾ: ಬಾಟಲಿ ಏನು ಮಾಡತ್ತೆ, ಏನು ಮಾಡಲ್ಲ

ಈ ಸಲದ ಮಾತು ಸ್ವಲ್ಪ ಉದ್ದ ಆಯ್ತು. ಪೂರ್ತಿ ವಿಡಿಯೊ ನೋಡೋಕೆ ಪುರುಸೊತ್ತು ಇಲ್ಲದವರಿಗೆ, ಊರಿಗೆ ಫಾರ್ವರ್ಡ್ ಮಾಡಬೇಕು ಅನ್ನೋರಿಗೆ ಈ ಬರಹ. ಮಾತಾಡಿದ್ದನ್ನೇ ತಿದ್ದಿ, ಲೆಕ್ಕಗಳನ್ನು ಬಿಡಿಸಿ ಬರೆದಿದ್ದೇನೆ.

ವಿಷಯ ಇಷ್ಟು. ನಮ್ಮಲ್ಲಿ ಎಷ್ಟೋ ಜನ ಪುಣೆ, ಹೈದರಾಬಾದ್, ಚೆನ್ನೈ ಅಂತ ಕೆಲಸಕ್ಕೆ ಬಂದಿದ್ದೇವೆ, ಆದರೆ ಊರಲ್ಲಿ ಹೊಲ ಇದೆ. ತುಂಗಭದ್ರಾ ಅಥವಾ ಕೃಷ್ಣಾ ಕಾಲುವೆ ಕೆಳಗಿನ ಹೊಲ ಆಗಿದ್ದರೆ, ಅದರಲ್ಲಿ ಒಂದು ತುಂಡಾದರೂ ಸವಳು ಹಿಡಿದಿರುವ ಸಾಧ್ಯತೆ ಇದೆ. ಈಗ ಊರಿನಿಂದ ಹೊಸ ಥರದ ಫೋನ್ ಬರತ್ತೆ: "ಒಂದು ಬ್ಯಾಕ್ಟೀರಿಯಾ ಔಷಧಿ ಬಂದೈತಂತ. ಹಾಕಿದ್ರ ಸವಳು ಹೋಗತ್ತಂತ. ಖರೇನೇನು? ರೊಕ್ಕ ಕಳಸ್ತೀಯೇನು?"

ನಮ್ಮ ಅಣ್ಣನೂ ಇದೇ ಕೇಳಿದ. ಸಿಂಧನೂರು ತಾಲ್ಲೂಕಿನಲ್ಲಿ ನಮ್ಮದು ಏಳು ಎಕರೆ, ಅದರಲ್ಲಿ ಕಾಲುವೆ ಕಡೆಗಿರೋ ಎರಡು ಎಕರೆ ಬೆಳ್ಳಗಾಗಿದೆ. ಆ ಎರಡು ಎಕರೆ ಮಾರಿಬಿಡೋಣ ಅನ್ನೋ ಮಾತು ಮನೆಯಲ್ಲಿ ಎರಡು ವರ್ಷದಿಂದ ನಡೀತಿದೆ. ಹಾಗಾಗಿ ಇದು ನನಗೆ ಬರೀ ಓದಿನ ವಿಷಯ ಅಲ್ಲ. ನಾನು ಕೃಷಿ ವಿಜ್ಞಾನಿ ಅಲ್ಲ, ಎಂಟೆಕ್ ಮಾಡಿಕೊಂಡು ಕೋಡ್ ಬರೆಯೋನು. ಆದರೆ ಪೇಪರ್ ಓದೋಕೆ, ಕೂಡಿ ಕಳೆದು ನೋಡೋಕೆ ಬರತ್ತೆ. ಅಷ್ಟನ್ನು ಇಲ್ಲಿ ಇಡ್ತೀನಿ.

ಉತ್ತರ ಮೊದಲೇ ಹೇಳಿಬಿಡ್ತೀನಿ. ಬೇರಿನ ಸುತ್ತ ಬದುಕುವ ಕೆಲವು ಬ್ಯಾಕ್ಟೀರಿಯಾ ಉಪ್ಪಿನ ಮಣ್ಣಿನಲ್ಲಿ ಬೆಳೆಗೆ ಸಹಾಯ ಮಾಡೋದು ನಿಜ. ಅದರ ಹಿಂದೆ ಗಟ್ಟಿ ವಿಜ್ಞಾನ ಇದೆ. ಆದರೆ ಅವು ಮಣ್ಣಿನಿಂದ ಉಪ್ಪು ತೆಗೆಯಲ್ಲ. ಈ ಎರಡು ಮಾತಿನ ನಡುವಿನ ವ್ಯತ್ಯಾಸದಲ್ಲೇ ನಿಮ್ಮ ದುಡ್ಡು ಉಳಿಯೋದು ಅಥವಾ ಹೋಗೋದು.

ಉಪ್ಪು ಎಲ್ಲಿಂದ ಬಂತು?

ಕಾಲುವೆ ನೀರು ಕುಡಿದರೆ ಸಿಹಿಯಾಗೇ ಇರತ್ತೆ. ಹಾಗಾದ್ರೆ ಉಪ್ಪು ಎಲ್ಲಿಂದ? ಒಂದು ಲೆಕ್ಕ ಮಾಡೋಣ.

ನೀರಿನಲ್ಲಿ, ಮಣ್ಣಿನಲ್ಲಿ ಎಷ್ಟು ಉಪ್ಪಿದೆ ಅಂತ ತಿಳಿಯೋಕೆ ವಿದ್ಯುತ್ ಅದರಲ್ಲಿ ಎಷ್ಟು ಸಲೀಸಾಗಿ ಹರಿಯತ್ತೆ ಅಂತ ಅಳೀತಾರೆ. ಅದಕ್ಕೆ ಇಸಿ ಅಂತಾರೆ, ಮಾಪನ ಡೆಸಿಸೀಮನ್ಸ್ ಪ್ರತಿ ಮೀಟರ್. ಸಮುದ್ರದ ನೀರು ಸುಮಾರು 50. ಒಳ್ಳೆಯ ನೀರಾವರಿ ನೀರು 0.5 ಇದೆ ಅಂತ ಇಟ್ಟುಕೊಳ್ಳೋಣ. 1 ಇಸಿ ಅಂದ್ರೆ ಲೀಟರಿಗೆ ಸುಮಾರು 640 ಮಿಲಿಗ್ರಾಂ ಉಪ್ಪು. ಅಂದರೆ ಈ ಒಳ್ಳೆಯ ನೀರಿನಲ್ಲೂ ಲೀಟರಿಗೆ 320 ಮಿಲಿಗ್ರಾಂ ಇದೆ. ಭತ್ತದ ಒಂದು ಬೆಳೆಗೆ 1,200 ಮಿಲಿಮೀಟರ್ ನೀರು ಕೊಟ್ಟರೆ, ಎಕರೆಗೆ ಸುಮಾರು 48 ಲಕ್ಷ ಲೀಟರ್. ಗುಣಿಸಿ ನೋಡಿ: ಒಂದು ಬೆಳೆಗೆ, ಒಂದು ಎಕರೆಗೆ, ಒಂದೂವರೆ ಟನ್ ಉಪ್ಪು. ಐವತ್ತು ಕೆಜಿಯ ಮೂವತ್ತು ಚೀಲ!

ಗಿಡ ನೀರು ಕುಡಿಯತ್ತೆ, ಬಿಸಿಲು ನೀರು ಎಳೆಯತ್ತೆ, ಉಪ್ಪಿನ ಬಹುಪಾಲು ಅಲ್ಲೇ ಉಳಿಯತ್ತೆ. ನೀರು ಕೆಳಗೆ ಬಸಿದು ಹೊರಗೆ ಹರಿದು ಹೋಗುವ ದಾರಿ ಇದ್ದರೆ ಉಪ್ಪೂ ಅದರ ಜೊತೆ ಹೋಗತ್ತೆ. ದಾರಿ ಇಲ್ಲದಿದ್ದರೆ ಅಂತರ್ಜಲ ಮೇಲೇರುತ್ತದೆ. ನೆಲದ ಮೇಲ್ಮೈಗೆ ಹತ್ತಿರ ಬಂದ ಮೇಲೆ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮಣ್ಣು ಕೆಳಗಿನ ಉಪ್ಪು ನೀರನ್ನು ಮೇಲಕ್ಕೆ ಎಳೆಯತ್ತೆ. ನೀರು ಆವಿಯಾಗತ್ತೆ, ಬಿಳಿ ಪದರ ಉಳಿಯತ್ತೆ. ನಮ್ಮ ಕಡೆ ಸವಳು ಮತ್ತು ಜವಳು ಅನ್ನೋ ಎರಡು ಪದ ಯಾವಾಗಲೂ ಜೋಡಿಯಾಗಿ ಬರೋದು ಇದಕ್ಕೇ. ಸವಳು ಅಂದ್ರೆ ಉಪ್ಪು, ಜವಳು ಅಂದ್ರೆ ನೀರು ನಿಂತ ನೆಲ.

ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟಿದ್ದು 1953ರಲ್ಲಿ. ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ ಹೆಚ್ಚು ಜಾಗ ಇಟ್ಟುಕೊಂಡು ಮಾಡಿದ ಯೋಜನೆ ಅದು. ನೀರು ಬಂದ ಮೇಲೆ ಕಾಲುವೆಯ ಮೇಲ್ಭಾಗದಲ್ಲೆಲ್ಲ ಭತ್ತ ಬಂತು. ನಮ್ಮದು ಎರೆ ನೆಲ, ನೀರು ಬಸಿಯೋದು ನಿಧಾನ. ಹಳ್ಳಗಳಲ್ಲಿ ಹೂಳು ತುಂಬಿತು. ಪುಣೆ, ಹೈದರಾಬಾದಿನಲ್ಲಿ ನಾವು ಹೆಮ್ಮೆಯಿಂದ ತರಿಸಿಕೊಂಡು ತಿನ್ನುವ ಸೋನಾ ಮಸೂರಿಯ ಇನ್ನೊಂದು ಮುಖ ಇದು.

ಇದು ನಮ್ಮ ಕಡೆಗಷ್ಟೇ ಅಲ್ಲ. ಪುಣೆಯವರು ಬಾರಾಮತಿ ಕಡೆ ಹೋದಾಗ ನೀರಾ ಕಾಲುವೆ ನೋಡಿರುತ್ತೀರಿ. ಆ ಕಣಿವೆಯ ಸವಳು ಭೂಮಿಯ ಮೇಲೆ ಹೆರಾಲ್ಡ್ ಮನ್ ಮತ್ತು ತಮ್ಹಾಣೆ 1910ರಲ್ಲೇ ವರದಿ ಬರೆದಿದ್ದರು. ಇವತ್ತು ಇಡೀ ದೇಶದಲ್ಲಿ ಸುಮಾರು 67 ಲಕ್ಷ ಹೆಕ್ಟೇರ್ ಭೂಮಿ ಉಪ್ಪು ಅಥವಾ ಕ್ಷಾರದಿಂದ ಕೆಟ್ಟಿದೆ.

ಗಿಡಕ್ಕೆ ಏನಾಗತ್ತೆ?

ಮೂರು ಹೊಡೆತ ಬೀಳತ್ತೆ, ಒಂದರ ಹಿಂದೆ ಒಂದು.

ಮೊದಲನೆಯದು ಬಾಯಾರಿಕೆ. ಉಪ್ಪಿನಕಾಯಿ ಹಾಕುವಾಗ ಮಾವಿನ ಹೋಳಿಗೆ ಉಪ್ಪು ಬೆರೆಸಿದ ತಕ್ಷಣ ನೀರು ಬಿಡತ್ತೆ ಅಲ್ವಾ? ಉಪ್ಪು ನೀರನ್ನು ತನ್ನ ಕಡೆ ಎಳೆಯತ್ತೆ. ಬೇರಿನ ಹೊರಗೆ ಉಪ್ಪು ಜಾಸ್ತಿ ಇದ್ದರೆ ಬೇರಿಗೆ ನೀರು ಎಳೆದುಕೊಳ್ಳೋದು ಕಷ್ಟ. ಗದ್ದೆಯಲ್ಲಿ ನೀರು ನಿಂತಿದ್ದರೂ ಗಿಡಕ್ಕೆ ಬರಗಾಲ.

ಎರಡನೆಯದು ವಿಷ. ಸೋಡಿಯಂ ನಿಧಾನವಾಗಿ ಎಲೆಗಳಲ್ಲಿ ಸೇರಿಕೊಳ್ಳತ್ತೆ. ಗಿಡದ ಕಿಣ್ವಗಳಿಗೆ ಬೇಕಾಗಿರೋದು ಪೊಟ್ಯಾಸಿಯಂ. ಸೋಡಿಯಂ ಅದರ ಹಾಗೇ ಕಾಣತ್ತೆ, ಜಾಗ ಹಿಡಿಯತ್ತೆ, ಕೆಲಸ ಮಾಡಲ್ಲ. ಹಳೆಯ ಎಲೆಗಳ ತುದಿಯಿಂದ ಸುಡೋಕೆ ಶುರು.

ಮೂರನೆಯದು ಗಿಡ ತನಗೆ ತಾನೇ ಮಾಡಿಕೊಳ್ಳುವ ಹಾನಿ. ಬ್ಯಾಕ್ಟೀರಿಯಾ ಕಥೆ ಹೆಚ್ಚಾಗಿ ಇಲ್ಲೇ ಇದೆ. ಒತ್ತಡಕ್ಕೆ ಸಿಕ್ಕಿದ ಗಿಡ ಎಥಿಲೀನ್ ಅನ್ನೋ ಅನಿಲ ತಯಾರಿಸುತ್ತದೆ. ಮಾವು, ಬಾಳೆ ಹಣ್ಣು ಮಾಡುವ ಅನಿಲವೂ ಇದೇ. ಸ್ವಲ್ಪ ಎಥಿಲೀನ್ ಒಳ್ಳೆಯದು, ಗಿಡ ತನ್ನ ರಕ್ಷಣೆಗೆ ಸಜ್ಜಾಗತ್ತೆ. ಆದರೆ ಉಪ್ಪು ಹಾಗೇ ಮುಂದುವರಿದರೆ ಎಥಿಲೀನ್ ಏರುತ್ತಾ ಹೋಗತ್ತೆ. ಬೇರು ಬೆಳೆಯೋದು ನಿಲ್ಲತ್ತೆ, ಎಲೆ ಹಳದಿಯಾಗಿ ಉದುರತ್ತೆ. ಆನ್‌ಕಾಲ್ ಮಾಡಿದವರಿಗೆ ಗೊತ್ತಾಗತ್ತೆ: ಒಂದು ಅಲರ್ಟ್ ಬಂದರೆ ಎದ್ದು ಸರಿ ಮಾಡ್ತೀವಿ. ನಿಮಿಷಕ್ಕೆ ಇನ್ನೂರು ಬಂದರೆ ಅಲರ್ಟುಗಳೇ ಸಿಸ್ಟಮ್ಮನ್ನು ಕೆಡವುತ್ತವೆ.

ಇಲ್ಲಿ ಬೆಳೆಯಿಂದ ಬೆಳೆಗೆ ವ್ಯತ್ಯಾಸ ಇದೆ. ಮಾಸ್ ಮತ್ತು ಹಾಫ್‌ಮನ್ 1977ರಲ್ಲಿ ಮಾಡಿದ ಪಟ್ಟಿಯನ್ನು ಇವತ್ತಿಗೂ ಬಳಸುತ್ತಾರೆ. ಅದರ ಪ್ರಕಾರ ಭತ್ತ 3 ಇಸಿವರೆಗೆ ತಡೆಯತ್ತೆ, ಅಲ್ಲಿಂದ ಮೇಲೆ ಒಂದೊಂದು ಇಸಿಗೂ ಇಳುವರಿ 12 ಪರ್ಸೆಂಟ್ ಕಡಿಮೆ. ಹತ್ತಿ 7.7ರವರೆಗೆ ತಡೆಯತ್ತೆ, ಆಮೇಲೆ ಇಸಿಗೆ ಸುಮಾರು 5 ಪರ್ಸೆಂಟ್ ಅಷ್ಟೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಲೆಕ್ಕಕ್ಕೆ ಬೇಕು.

ಬ್ಯಾಕ್ಟೀರಿಯಾ ಮಾಡುವ ನಾಲ್ಕು ಕೆಲಸ

ಬೇರಿನ ಸುತ್ತಲಿನ ತೆಳುವಾದ ಮಣ್ಣಿನ ಪದರಕ್ಕೆ ರೈಜೋಸ್ಪಿಯರ್ ಅಂತ 1904ರಲ್ಲಿ ಹೆಸರಿಟ್ಟವರು ಜರ್ಮನಿಯ ಲೊರೆಂಜ್ ಹಿಲ್ಟ್ನರ್. ಗಿಡ ತಾನು ಮಾಡಿದ ಸಕ್ಕರೆಯಲ್ಲಿ ಒಂದು ಪಾಲನ್ನು ಬೇರಿನಿಂದ ಹೊರಗೆ ಬಿಡತ್ತೆ. ಆ ಊಟಕ್ಕೆ ಬ್ಯಾಕ್ಟೀರಿಯಾ ಬರುತ್ತವೆ. ಬಂದವುಗಳಲ್ಲಿ ಕೆಲವು ಗಿಡಕ್ಕೆ ತಿರುಗಿ ಏನಾದರೂ ಕೊಡುತ್ತವೆ. 1978ರಲ್ಲಿ ಕ್ಲೋಪ್ಪರ್ ಮತ್ತು ಶ್ರಾತ್ ಇಂಥವುಗಳನ್ನು ಬೆಳವಣಿಗೆಗೆ ನೆರವಾಗುವ ಬೇರು ಬ್ಯಾಕ್ಟೀರಿಯಾ ಅಂತ ಗುರುತಿಸಿದರು. ಸೂಡೊಮೊನಾಸ್, ಬ್ಯಾಸಿಲಸ್, ಅಜೋಸ್ಪಿರಿಲಮ್ ಅನ್ನೋ ಹೆಸರುಗಳನ್ನು ಗೊಬ್ಬರದ ಅಂಗಡಿಯ ಬಾಟಲಿಗಳ ಮೇಲೆ ನೋಡಿರುತ್ತೀರಿ.

ಉಪ್ಪಿನ ನೆಲದಲ್ಲಿ ಅವು ಮಾಡುವ ಮೊದಲ ಕೆಲಸ, ಎಥಿಲೀನ್ ತಗ್ಗಿಸೋದು. ಗಿಡ ಎಥಿಲೀನ್ ಮಾಡೋದು ಎಸಿಸಿ ಅನ್ನೋ ಕಚ್ಚಾವಸ್ತುವಿನಿಂದ. ಆ ಎಸಿಸಿ ಸ್ವಲ್ಪ ಬೇರಿನಿಂದ ಹೊರಗೆ ಸೋರತ್ತೆ. ಕೆಲವು ಬ್ಯಾಕ್ಟೀರಿಯಾದಲ್ಲಿ ಎಸಿಸಿ ಡಿಅಮಿನೇಸ್ ಅನ್ನೋ ಕಿಣ್ವ ಇದೆ. ಅದು ಎಸಿಸಿಯನ್ನು ಒಡೆದು ಅಮೋನಿಯಾ ಮತ್ತು ಇನ್ನೊಂದು ಸಾಮಾನ್ಯ ಆಮ್ಲ ಮಾಡತ್ತೆ. ಬ್ಯಾಕ್ಟೀರಿಯಾಗೆ ಸಾರಜನಕದ ಊಟ ಸಿಕ್ತು. ಹೊರಗೆ ಎಸಿಸಿ ಕಡಿಮೆಯಾದಷ್ಟೂ ಒಳಗಿನಿಂದ ಇನ್ನಷ್ಟು ಸೋರತ್ತೆ, ಗಿಡದೊಳಗೆ ಎಥಿಲೀನ್ ಏರಲ್ಲ, ಬೇರು ಬೆಳೆಯುತ್ತಲೇ ಇರತ್ತೆ. ಈ ವಿವರಣೆಯನ್ನು 1998ರಲ್ಲಿ ಮುಂದಿಟ್ಟವರು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಬರ್ನಾರ್ಡ್ ಗ್ಲಿಕ್ ಮತ್ತು ಸಂಗಡಿಗರು. 2004ರಲ್ಲಿ ಮಾಯಕ್, ತಿರೋಶ್ ಮತ್ತು ಗ್ಲಿಕ್ ಇಸ್ರೇಲಿನ ಒಣ ಅರಾವಾ ಪ್ರದೇಶದ ಮಣ್ಣಿನಿಂದ ತೆಗೆದ ಅಕ್ರೊಮೊಬ್ಯಾಕ್ಟರ್ ತಳಿಯನ್ನು ಟೊಮೆಟೊ ಸಸಿಗೆ ಕೊಟ್ಟರು. ಉಪ್ಪು ನೀರು ಕುಡಿದ ಸಸಿಗಳಲ್ಲಿ ಬ್ಯಾಕ್ಟೀರಿಯಾ ಇದ್ದವು ಹೆಚ್ಚು ಬೆಳೆದವು, ಅವುಗಳಲ್ಲಿ ಎಥಿಲೀನ್ ಕಡಿಮೆ ಇತ್ತು. ಆದರೆ ಸೋಡಿಯಂ ಕಡಿಮೆಯಾಗಿರಲಿಲ್ಲ. ಈ ಕೊನೆಯ ವಾಕ್ಯ ಮುಖ್ಯ. ಉಪ್ಪು ಇದ್ದಲ್ಲೇ ಇತ್ತು, ಗಿಡದ ಗಾಬರಿ ಕಡಿಮೆಯಾಗಿತ್ತು.

ಎರಡನೆಯ ಕೆಲಸ, ಅಂಟು. ಕೆಲವು ಬ್ಯಾಕ್ಟೀರಿಯಾ ತಮ್ಮ ಸುತ್ತ ಲೋಳೆಯಂಥ ಸಕ್ಕರೆಯ ಪದರ ಕಟ್ಟಿಕೊಳ್ಳುತ್ತವೆ. ಅದು ಬೇರಿನ ಹತ್ತಿರದ ಸೋಡಿಯಂ ಅನ್ನು ಒಂದಷ್ಟು ಹಿಡಿದಿಟ್ಟುಕೊಳ್ಳತ್ತೆ, ಮಣ್ಣಿನ ಕಣಗಳನ್ನು ಅಂಟಿಸಿ ತೇವ ಕಾಯತ್ತೆ. ಇದು ಬೇರಿನ ಅಂಚಿನ ಮಟ್ಟದ ಕೆಲಸ, ಎಕರೆ ಮಟ್ಟದ್ದಲ್ಲ.

ಮೂರನೆಯದು, ಗಿಡದ ಬಾಗಿಲುಗಳನ್ನು ಬದಲಿಸೋದು. 2008ರಲ್ಲಿ ಅಮೆರಿಕದ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದ ಪಾಲ್ ಪಾರೆ ತಂಡ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. ಬ್ಯಾಸಿಲಸ್ ಸಬ್ಟಿಲಿಸ್‌ನ ಒಂದು ತಳಿ ಗಾಳಿಗೆ ಬಿಡುವ ವಾಸನೆಯ ರಾಸಾಯನಿಕಗಳಿಂದಲೇ ಅರಬಿಡಾಪ್ಸಿಸ್ ಗಿಡದಲ್ಲಿ ಸೋಡಿಯಂ ಸಾಗಿಸುವ ಒಂದು ಜೀನ್ ಬೇರಿನಲ್ಲಿ ತಗ್ಗಿತು, ಮೇಲಿನ ಭಾಗದಲ್ಲಿ ಹೆಚ್ಚಿತು. ಪರಿಣಾಮ, ಗಿಡದಲ್ಲಿ ಸೋಡಿಯಂ ಕಡಿಮೆ ಶೇಖರವಾಯಿತು.

ನಾಲ್ಕನೆಯದು ಹಳೆಯ ಕೆಲಸವೇ. ಬೇರು ಕವಲೊಡೆಯುವ ಹಾರ್ಮೋನು ಕೊಡೋದು, ಗಟ್ಟಿಯಾಗಿ ಕೂತ ರಂಜಕವನ್ನು ಕರಗಿಸೋದು, ಕೆಲವು ತಳಿಗಳು ಗಾಳಿಯ ಸಾರಜನಕ ಹಿಡಿಯೋದು. ಬೇರು ದೊಡ್ಡದಾದರೆ ಉಪ್ಪು ಕಡಿಮೆ ಇರುವ ಜಾಗವನ್ನು ಹುಡುಕಿಕೊಂಡು ಹೋಗಬಹುದು.

ಇದೆಲ್ಲ ಮಾಡಬೇಕಾದರೆ ಬ್ಯಾಕ್ಟೀರಿಯಾ ಮೊದಲು ತಾನು ಬದುಕಿರಬೇಕು. ಉಪ್ಪಿನಲ್ಲಿ ಬದುಕುವ ಜಾತಿಗಳು ತಮ್ಮ ಜೀವಕೋಶದೊಳಗೆ ಪ್ರೋಲಿನ್, ಬೀಟೈನ್, ಎಕ್ಟೋಯಿನ್ ಥರದ ಪದಾರ್ಥ ತುಂಬಿಕೊಂಡು ಹೊರಗಿನ ಎಳೆತವನ್ನು ಸರಿದೂಗಿಸುತ್ತವೆ. ಸಿಹಿ ಮಣ್ಣಿನಿಂದ ತೆಗೆದ ತಳಿಗೆ ಇದು ಬರದೇ ಇರಬಹುದು. ಅದಕ್ಕೇ ವಿಜ್ಞಾನಿಗಳು ಉಪ್ಪಿನ ಜಾಗದಲ್ಲೇ ಹುಡುಕುತ್ತಾರೆ. ಗುಜರಾತಿನ ಕರಾವಳಿಯ ಉಪ್ಪು ಕೆಸರಿನಲ್ಲಿ ಸ್ಯಾಲಿಕೋರ್ನಿಯಾ ಅನ್ನೋ ಗಿಡ ಆರಾಮಾಗಿ ಬೆಳೆಯತ್ತೆ. ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಯವರು ಅದರ ಬೇರಿನಿಂದ ಹೊಸ ಬ್ಯಾಕ್ಟೀರಿಯಾಗಳನ್ನು ತೆಗೆದು 2012ರಲ್ಲಿ ವರದಿ ಮಾಡಿದರು, ಶೇಂಗಾ ಸಸಿಗಳ ಮೇಲೆ ಪ್ರಯೋಗ ನಡೆಸಿದರು. 1969ರಲ್ಲಿ ಶುರುವಾದ ಕರ್ನಾಲ್‌ನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ತನ್ನ ಲಖನೌ ಕೇಂದ್ರದಲ್ಲಿ ಸಿಎಸ್‌ಆರ್-ಬಯೋ ಅನ್ನೋ ಮಿಶ್ರಣ ತಯಾರಿಸಿದೆ. ಅಂದರೆ ಇದು ಹುಸಿ ವಿಜ್ಞಾನ ಅಲ್ಲ, ಸರ್ಕಾರಿ ಸಂಸ್ಥೆಗಳೇ ಕೆಲಸ ಮಾಡುತ್ತಿರುವ ವಿಷಯ.

ಕುಂಡದಿಂದ ಹೊಲಕ್ಕೆ ಬಂದಾಗ

ಹಾಗಾದರೆ ತೊಂದರೆ ಎಲ್ಲಿ? ಲ್ಯಾಪ್‌ಟಾಪಿನಲ್ಲಿ ಓಡಿದ ಕೋಡು ಪ್ರೊಡಕ್ಷನ್‌ನಲ್ಲಿ ಓಡದ ಕಥೆ ನಮಗೆ ಹೊಸದಲ್ಲ. ಲ್ಯಾಬಿನ ಕುಂಡದಲ್ಲಿ ಮಣ್ಣನ್ನು ಎಷ್ಟೋ ಸಲ ಕುದಿಸಿ ಶುದ್ಧ ಮಾಡಿರುತ್ತಾರೆ. ಪೈಪೋಟಿ ಇಲ್ಲ, ಉಪ್ಪು ಒಂದೇ ಮಟ್ಟದಲ್ಲಿ ಇರತ್ತೆ. ಹೊಲದಲ್ಲಿ ಹತ್ತು ಹೆಜ್ಜೆಗೆ ಉಪ್ಪು ಬದಲಾಗತ್ತೆ, ಜೊತೆಗೆ ಅಲ್ಲಿ ಆಗಲೇ ನೆಲೆಸಿರುವ ಬ್ಯಾಕ್ಟೀರಿಯಾ ಸಂಸಾರ ಇದೆ.

ಇನ್ನೊಂದು ಲೆಕ್ಕ ಮಾಡೋಣ. ನಮ್ಮ ದೇಶದ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ದ್ರವ ಜೈವಿಕ ಗೊಬ್ಬರದಲ್ಲಿ ಮಿಲಿಲೀಟರಿಗೆ ಕನಿಷ್ಠ 10 ಕೋಟಿ ಜೀವಂತ ಕೋಶ ಇರಬೇಕು. ಅರ್ಧ ಲೀಟರಿನಲ್ಲಿ 5,000 ಕೋಟಿ. ಕೇಳೋಕೆ ಭಾರಿ ಸಂಖ್ಯೆ. ಆದರೆ ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣೇ ಸುಮಾರು 900 ಟನ್ ತೂಗತ್ತೆ. ಗ್ರಾಂ ಮಣ್ಣಿಗೆ 10 ಕೋಟಿ ಬ್ಯಾಕ್ಟೀರಿಯಾ ಅಂತ ಹಿಡಿದರೂ, ಅಲ್ಲಿ ಆಗಲೇ ಇರುವ ಹದಿನೆಂಟು ಲಕ್ಷಕ್ಕೆ ನಮ್ಮದು ಒಂದು. ನೀರಿನಲ್ಲಿ ಕಲಸಿ ಹೊಲಕ್ಕೆ ಚೆಲ್ಲಿದರೆ, ಕೆರೆಗೆ ಒಂದು ಚಮಚ ಬೆಲ್ಲ ಹಾಕಿ ಪಾನಕ ಮಾಡಿದ ಹಾಗೆ.

ಅದೇ ಅರ್ಧ ಲೀಟರನ್ನು ಬೀಜಕ್ಕೆ ಹಚ್ಚಿ ನೋಡಿ. ಸಣ್ಣ ಭತ್ತದ ಸಾವಿರ ಕಾಳು ಸುಮಾರು 15 ಗ್ರಾಂ. ಎಕರೆಗೆ ಬೇಕಾಗುವ 25 ಕೆಜಿಯಲ್ಲಿ ಹದಿನಾರು, ಹದಿನೇಳು ಲಕ್ಷ ಕಾಳು. ಪ್ರತಿ ಕಾಳಿಗೂ ಮೂವತ್ತು ಸಾವಿರ ಬ್ಯಾಕ್ಟೀರಿಯಾ ಸಿಗತ್ತೆ! ಬೇರು ಹೊರಬರುವಾಗಲೇ ಇವು ಜಾಗ ಹಿಡಿದಿರುತ್ತವೆ. ಬೀಜೋಪಚಾರ ಮಾಡಿ, ನಾಟಿಗೆ ಮುಂಚೆ ಸಸಿಯ ಬೇರು ಅದ್ದಿ ಅಂತ ಕೃಷಿ ಇಲಾಖೆಯವರು ಹೇಳೋದಕ್ಕೆ ಕಾರಣ ಈ ಗಣಿತ. ಚೆಲ್ಲಲೇಬೇಕು ಅಂದರೆ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರದಲ್ಲಿ ಬೆರೆಸಿ, ನೆರಳಿನಲ್ಲಿಟ್ಟು ಬೆಳೆಸಿ ಹಾಕಬೇಕು.

ಉಪ್ಪು ಎಲ್ಲೂ ಹೋಗಲ್ಲ

ಈಗ ನಮ್ಮ ಮನೆಯ ಲೆಕ್ಕಕ್ಕೆ ಬರ್ತೀನಿ. ಅಣ್ಣ ಮೊದಲ ಸಲ ಮಣ್ಣು ಪರೀಕ್ಷೆ ಮಾಡಿಸಿದಾಗ ಕಾಗದದ ಮೇಲೆ ಇಸಿ 2.1 ಅಂತ ಬಂತು. "4ರ ಮ್ಯಾಲಿದ್ರ ಸವಳು ಅಂತಾರ. ನಮ್ದು ಅದರ ಅರ್ಧ ಐತಿ ತಮ್ಮಾ, ಅಂದ್ಮ್ಯಾಲ ಸವಳಲ್ಲ" ಅಂದ. ಇಲ್ಲೊಂದು ಸೂಕ್ಷ್ಮ ಇದೆ, ತುಂಬ ಮನೆಗಳಿಗೆ ಉಪಯೋಗ ಆಗತ್ತೆ. 4 ಅನ್ನೋ ಗಡಿ, ಮಣ್ಣನ್ನು ಪೂರ್ತಿ ನೆನೆಸಿ ಕೆಸರು ಮಾಡಿ ಹಿಂಡಿ ತೆಗೆದ ನೀರಿನ ಇಸಿಗೆ. ಭತ್ತದ 3 ಅನ್ನೋ ಮಿತಿಯೂ ಅದಕ್ಕೇ. ಆದರೆ ಎಷ್ಟೋ ಲ್ಯಾಬುಗಳು ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆಯುತ್ತವೆ. ನೀರು ಜಾಸ್ತಿ, ಹಾಗಾಗಿ ಅದೇ ಮಣ್ಣಿಗೆ ಸಂಖ್ಯೆ ತುಂಬ ಕಡಿಮೆ ಬರತ್ತೆ. ನಾನು ವಿಧಾನ ಯಾವುದು ಅಂತ ಕೇಳಿಸಿದೆ, ಹಿಂಡಿದ ನೀರಿನ ಪರೀಕ್ಷೆ ಬೇರೆ ಮಾಡಿಸಿದೆವು. ಬಂದಿದ್ದು 6.5, ಪಿಎಚ್ 8.1.

ಮಾಸ್ ಮತ್ತು ಹಾಫ್‌ಮನ್ ಪಟ್ಟಿಗೆ ಇದನ್ನು ಹಾಕಿ. 6.5ರಲ್ಲಿ 3 ಕಳೆದರೆ 3.5. ಅದಕ್ಕೆ 12 ಗುಣಿಸಿದರೆ 42 ಪರ್ಸೆಂಟ್ ನಷ್ಟ. ಒಳ್ಳೆಯ ತುಂಡಿನಲ್ಲಿ ಎಕರೆಗೆ 40 ಚೀಲ ಬರೋದಾದರೆ ಇಲ್ಲಿ 23. ನಿಜವಾಗಿ ಅಣ್ಣನಿಗೆ ಬರ್ತಾ ಇದ್ದದ್ದೂ ಅದರ ಆಸುಪಾಸೇ.

ಬ್ಯಾಕ್ಟೀರಿಯಾ ಚೆನ್ನಾಗಿ ಹಿಡಿದು ಇಳುವರಿ 10 ಪರ್ಸೆಂಟ್ ಹೆಚ್ಚಿತು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳೋಣ. 23 ಚೀಲ 25 ಆಯ್ತು. ಬೇಡ ಅನ್ನುವ ಲಾಭ ಅಲ್ಲ. ಆದರೆ ಉಪ್ಪನ್ನು 6.5ರಿಂದ 4.5ಕ್ಕೆ ಇಳಿಸಿದರೆ? ನಷ್ಟ 18 ಪರ್ಸೆಂಟ್, ಇಳುವರಿ 33 ಚೀಲ ಸಮೀಪ. ಎರಡೂ ಒಂದೇ ತೂಕದ ಕೆಲಸ ಅಲ್ಲ. ಇನ್ನೊಂದು ಮಾತು, ಬಸಿಯುವ ದಾರಿ ಮಾಡದೆ ಬರೀ ಬಾಟಲಿ ಹಾಕುತ್ತ ಹೋದರೆ ಪ್ರತಿ ಬೆಳೆಗೂ ಉಪ್ಪು ಸೇರುತ್ತಲೇ ಇರತ್ತೆ. ಎರಡು ಚೀಲದ ಲಾಭವನ್ನು ನಾಲ್ಕು ವರ್ಷದಲ್ಲಿ ಉಪ್ಪು ನುಂಗಿಬಿಡಬಹುದು.

ಉಪ್ಪು ಇಳಿಸೋದು ಹೇಗೆ? ನೀರಿನಿಂದ ತೊಳೆದು, ಆ ನೀರನ್ನು ಹೊರಗೆ ಕಳಿಸಿ. ಸ್ಥೂಲ ನಿಯಮ ಏನಂದರೆ, ಒಂದು ಅಡಿ ಮಣ್ಣಿನ ಉಪ್ಪಿನಲ್ಲಿ ಸುಮಾರು 80 ಪರ್ಸೆಂಟ್ ಹೋಗೋಕೆ ಒಂದು ಅಡಿ ನೀರು ಅದರ ಮೂಲಕ ಕೆಳಗಿಳಿಯಬೇಕು. ಇಳಿದ ನೀರಿಗೆ ದಾರಿ ಬೇಕು. ತೆರೆದ ಬಸಿಗಾಲುವೆ ಆಗಬಹುದು, ಅಥವಾ ಸುಮಾರು ಒಂದು ಮೀಟರ್ ಆಳದಲ್ಲಿ ತೂತಿರುವ ಪೈಪುಗಳನ್ನು ಹೂತು ಮಾಡುವ ಒಳಬಸಿ ಆಗಬಹುದು.

ಎಲ್ಲ ಬಿಳಿ ನೆಲವೂ ಒಂದೇ ಅಲ್ಲ ಅನ್ನೋದನ್ನೂ ಗಮನಿಸಿ. ಪಿಎಚ್ 8.5ಕ್ಕಿಂತ ಮೇಲಿದ್ದು, ಮಣ್ಣಿನ ಕಣಕ್ಕೆ ಅಂಟಿದ ಸೋಡಿಯಂ ಪಾಲು 15 ಪರ್ಸೆಂಟ್ ದಾಟಿದ್ದರೆ ಅದು ಕ್ಷಾರ ನೆಲ. ಅಲ್ಲಿ ನೀರು ಇಂಗೋದೇ ಇಲ್ಲ, ಒಣಗಿದರೆ ಕಲ್ಲಾಗತ್ತೆ. ಅಲ್ಲಿ ಮೊದಲು ಜಿಪ್ಸಂ ಬೇಕು. ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಕಣದಿಂದ ಬಿಡಿಸತ್ತೆ, ಆಮೇಲೆ ನೀರು ತೊಳೆಯತ್ತೆ. ನಮ್ಮದು ಸವಳು, ಕ್ಷಾರ ಅಲ್ಲ. ನಮಗೆ ಜಿಪ್ಸಂ ಖರ್ಚು ಬೇಡ, ಬಸಿಗಾಲುವೆ ಬೇಕು. ಎರಡೂ ತಿಳಿಯೋದು ಮಣ್ಣು ಪರೀಕ್ಷೆಯಿಂದ ಮಾತ್ರ.

ಹಾಗಾಗಿ ಸಾಲು ಹೀಗೆ: ಮೊದಲು ಪರೀಕ್ಷೆ. ಆಮೇಲೆ ನೀರಿಗೆ ಹೊರದಾರಿ. ಕ್ಷಾರ ಇದ್ದರೆ ಜಿಪ್ಸಂ. ಮುಂಗಾರಿನ ನೀರಿನಲ್ಲಿ ತೊಳೆಯೋದು. ಡಯಾಂಚ ಬೆಳೆದು ಮಣ್ಣಿಗೆ ಸೇರಿಸೋದು, ತಿಪ್ಪೆ ಗೊಬ್ಬರ. ಉಪ್ಪು ತಡೆಯುವ ತಳಿ, ಉದಾಹರಣೆಗೆ ಕರ್ನಾಲ್‌ನವರ ಸಿಎಸ್‌ಆರ್-36 ಭತ್ತ, ಅಥವಾ ಭತ್ತ ಬಿಟ್ಟು ಹತ್ತಿ. ಇವುಗಳ ಮೇಲೆ ಬ್ಯಾಕ್ಟೀರಿಯಾ. ಅಡಿಗೆ ಆದ ಮೇಲಿನ ಒಗ್ಗರಣೆ ಅದು. ಒಗ್ಗರಣೆಯಿಂದ ರುಚಿ ಬರತ್ತೆ, ಹೊಟ್ಟೆ ತುಂಬಲ್ಲ.

ಬಾಟಲಿ ಕೊಳ್ಳೋ ಮುಂಚೆ

ನಮ್ಮೂರಿಗೆ ಬಂದ ಮಾರಾಟಗಾರ ಲೀಟರಿಗೆ 1,200 ರೂಪಾಯಿ ಹೇಳಿದ, ಎಕರೆಗೆ ಎರಡು ಲೀಟರ್ ಅಂದ. ಅಣ್ಣ ಬಾಟಲಿಯ ಫೋಟೊ ಕಳಿಸಿದ. ಲೇಬಲ್ ಮೇಲೆ ಚಿನ್ನದ ಬಣ್ಣದ ಭತ್ತದ ತೆನೆ ಇತ್ತು. ಬ್ಯಾಕ್ಟೀರಿಯಾದ ಹೆಸರು ಇರಲಿಲ್ಲ, ಎಷ್ಟು ಕೋಶ ಅಂತ ಇರಲಿಲ್ಲ, ಅವಧಿ ಮುಗಿಯುವ ದಿನಾಂಕವೂ ಇರಲಿಲ್ಲ. ಬೇಡ ಅಂದೆ.

ನೀವು ನೋಡಬೇಕಾದದ್ದು: ಜಾತಿಯ ಹೆಸರು, ಮಿಲಿಲೀಟರಿಗೆ ಕೋಶಗಳ ಸಂಖ್ಯೆ, ತಯಾರಿಸಿದ ಮತ್ತು ಮುಗಿಯುವ ದಿನಾಂಕ, ಬ್ಯಾಚ್ ನಂಬರು, ತಯಾರಕರ ಪರವಾನಗಿ. ಬ್ಯಾಕ್ಟೀರಿಯಾ ಜೀವಂತ ವಸ್ತು. ಬಿಸಿಲಿನ ಅಂಗಡಿಯಲ್ಲಿ ಒಂದು ಬೇಸಿಗೆ ಕಳೆದ ಬಾಟಲಿಯಲ್ಲಿ ನೀರಷ್ಟೇ ಉಳಿದಿರಬಹುದು. ಹೆಸರಿಲ್ಲದ ಬ್ಯಾಕ್ಟೀರಿಯಾ ಬೇಡ ಅನ್ನೋದಕ್ಕೆ ಇನ್ನೊಂದು ಕಾರಣವೂ ಇದೆ. ಬೇರಿನ ಸುತ್ತ ಸಿಗುವ ಸೂಡೊಮೊನಾಸ್ ಏರುಜಿನೋಸಾದಂಥ ಕೆಲವು ಜಾತಿಗಳು ಗಿಡಕ್ಕೆ ನೆರವಾದರೂ, ಗಾಯವಾದ ಅಥವಾ ಆರೋಗ್ಯ ಕುಗ್ಗಿದ ಮನುಷ್ಯರಿಗೆ ಸೋಂಕು ತರಬಲ್ಲವು. ಬರಿಗಾಲಲ್ಲಿ ಕೆಸರಿನಲ್ಲಿ ನಿಂತು ನಾಟಿ ಮಾಡೋರು ನಮ್ಮ ಮನೆಯವರು. ಕೃಷಿ ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರ, ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ನಮ್ಮ ಭಾಗದ ಸವಳು ಸಮಸ್ಯೆಯ ಮೇಲೇ ಕೆಲಸ ಮಾಡತ್ತೆ.

ಬಳಸುವಾಗ: ತಣ್ಣಗಿನ ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಆರಿಸಿ. ಶಿಲೀಂಧ್ರನಾಶಕ ಅಥವಾ ರಾಸಾಯನಿಕ ಗೊಬ್ಬರದ ಜೊತೆ ಒಂದೇ ಬಕೆಟ್ಟಿನಲ್ಲಿ ಕಲಸಬೇಡಿ. ಸಸಿಯ ಬೇರನ್ನು ಅರ್ಧ ಗಂಟೆ ಅದ್ದಿ ನಾಟಿ ಮಾಡಿ.

ಕೊನೆಗೆ ನಮ್ಮ ಕಸುಬಿನಿಂದ ಒಂದು ಕೊಡುಗೆ. ಪೂರ್ತಿ ಹೊಲಕ್ಕೆ ಹಾಕಬೇಡಿ, ಎ-ಬಿ ಟೆಸ್ಟ್ ಮಾಡಿ. ಸವಳು ತುಂಡಿನಲ್ಲಿ ಆರು ಪಟ್ಟಿ ಗುರುತು ಮಾಡಿ, ಒಂದಕ್ಕೆ ಬ್ಯಾಕ್ಟೀರಿಯಾ ಹಚ್ಚಿದ ಸಸಿ, ಪಕ್ಕದ್ದಕ್ಕೆ ಹಚ್ಚದ್ದು, ಹೀಗೆ ಮೂರು ಜೋಡಿ. ಪ್ರತಿ ಜೋಡಿಯಲ್ಲಿ ಯಾವುದಕ್ಕೆ ಹಚ್ಚೋದು ಅಂತ ನಾಣ್ಯ ಚಿಮ್ಮಿ ನಿರ್ಧರಿಸಿ. ತಳಿ, ಗೊಬ್ಬರ, ನಾಟಿಯ ದಿನ ಎಲ್ಲ ಒಂದೇ. ಸುಗ್ಗಿಯಲ್ಲಿ ಪಟ್ಟಿ ಪಟ್ಟಿಯಾಗಿ ತೂಗಿ. ಮೂರು ಜೋಡಿಯಲ್ಲೂ ಒಂದೇ ಕಡೆಗೆ ವಾಲಿದರೆ ಮುಂದಿನ ಬೆಳೆಗೆ ಇನ್ನಷ್ಟು ಜಾಗಕ್ಕೆ ಹಾಕಿ. ಒಂದು ಸಲ ಹೀಗೆ, ಒಂದು ಸಲ ಹಾಗೆ ಬಂದರೆ ದುಡ್ಡು ಉಳಿಸಿ.

ಅಣ್ಣ ಈ ಹಂಗಾಮಿನಲ್ಲಿ ಆರು ಪಟ್ಟಿ ಹಾಕಿದ್ದಾನೆ, ಸಂಶೋಧನಾ ಕೇಂದ್ರದವರನ್ನು ಕೇಳಿ ತಂದ ಜೈವಿಕ ಗೊಬ್ಬರದಿಂದ. ಬಸಿಗಾಲುವೆ ಮಾತ್ರ ಅಷ್ಟು ಸುಲಭ ಇಲ್ಲ. ನಮ್ಮ ಹೊಲದ ನೀರು ಹಳ್ಳ ಸೇರಬೇಕಾದರೆ ನಾಲ್ಕು ಮನೆಯವರ ಹೊಲ ದಾಟಬೇಕು. ಮೂರು ಮನೆಯವರು ಒಪ್ಪಿದ್ದಾರೆ, ಅವರ ಹೊಲವೂ ಬೆಳ್ಳಗಾಗುತ್ತಿದೆ. ನಾಲ್ಕನೆಯವರು ಇನ್ನೂ ಒಪ್ಪಿಲ್ಲ. ಬಾಟಲಿ ಎಲ್ಲರಿಗೂ ಇಷ್ಟ ಆಗೋದು ಇದಕ್ಕೇ ಇರಬೇಕು, ಬಾಟಲಿಗೆ ಪಕ್ಕದ ಮನೆಯವರ ಒಪ್ಪಿಗೆ ಬೇಕಿಲ್ಲ. ಆದರೂ ಮಾರುವ ಮಾತನ್ನು ಸುಗ್ಗಿಯವರೆಗೆ ಮುಂದೆ ಹಾಕಿದ್ದೇವೆ.

ನಿಮ್ಮ ಮನೆಯ ಮಣ್ಣಿನ ವರದಿ ಇದ್ದರೆ ತೆಗೆದು ನೋಡಿ: ಇಸಿ ಯಾವ ವಿಧಾನದ್ದು, ಪಿಎಚ್ ಎಷ್ಟು. ಅರ್ಥ ಆಗದಿದ್ದರೆ ಆ ಎರಡು ಸಂಖ್ಯೆ ಮತ್ತು ಬೆಳೆಯ ಹೆಸರು ಬರೆದು ಕಳಿಸಿ, ಲೆಕ್ಕ ಹಾಕಿ ನೋಡೋಣ. ಮುಂದಿನ ಮಾತು ಜಿಪ್ಸಂ ಲೆಕ್ಕದ ಬಗ್ಗೆ. ಸಿಗೋಣ, ನಮಸ್ಕಾರ.